ಬೇಕ್‌ಲ್ಯಾಂಡನ ರಾಳವೂ ಮರದ ಹುಡಿಯೂ

ಹಳೆಯ ಮನೆಗಳ ಗೋಡೆಯ ಮೇಲಿನ ಕರಿಯ ದೀಪದ ಗುಂಡಿ, ಅಡುಗೆಮನೆಯ ಕುಕ್ಕರಿನ ಹಿಡಿ, ಕಚೇರಿಯ ಮೇಜಿನ ಮೇಲೆ ದಶಕಗಳ ಕಾಲ ಕುಳಿತಿದ್ದ ಭಾರವಾದ ಕಪ್ಪು ದೂರವಾಣಿ, ಇವೆಲ್ಲಕ್ಕೂ ಬೇಕಲೈಟ್ ಎಂಬ ಒಂದೇ ಹೆಸರು ನಮ್ಮ ಜನರ ಬಾಯಲ್ಲಿ ರೂಢಿಯಾಗಿದೆ. ಆ ಹೆಸರು ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿತೆಂಬುದು ಮಾತ್ರ ಅದನ್ನು ಬಳಸುವವರಲ್ಲಿ ಬಹುಮಂದಿಗೆ ತಿಳಿಯದು. ಆತನೇ ಲಿಯೋ ಹೆಂಡ್ರಿಕ್ ಬೇಕ್‌ಲ್ಯಾಂಡ್. ಆತನನ್ನು ಪ್ಲಾಸ್ಟಿಕ್ ಯುಗದ ಪಿತಾಮಹನೆಂದು ಕರೆಯುವ ವಾಡಿಕೆಯುಂಟು. ಆ ಬಿರುದಿನಲ್ಲಿ ತಪ್ಪಿಲ್ಲ. ಆದರೆ ಅದು ಅರ್ಧ ಸಂಗತಿಯನ್ನು ಮಾತ್ರ ಹೇಳುತ್ತದೆ. ಆತನು ಪಡೆದ ರಾಳವು ಒಂಟಿಯಾಗಿದ್ದಾಗ ಗಟ್ಟಿಯಾಗಿಯೂ ಪೆಡಸಾಗಿಯೂ ಇದ್ದು, ಕೈತಪ್ಪಿ ಬಿದ್ದರೆ ಗಾಜಿನಂತೆ ಒಡೆಯುತ್ತಿತ್ತು. ಅದಕ್ಕೆ ಬಾಳಿಕೆ ಬಂದುದು ಮರದ ಹುಡಿ, ನಾರು, ಬಟ್ಟೆ, ಕಾಗದಗಳಂಥ ಬಡ ವಸ್ತುಗಳ ಸಂಗದಿಂದ. ಆ ಸಂಗವಿಲ್ಲದಿದ್ದರೆ ಬೇಕ್‌ಲ್ಯಾಂಡನ ಹೆಸರು ರಸಾಯನಶಾಸ್ತ್ರದ ಗ್ರಂಥಗಳ ಯಾವುದೋ ಪುಟದ ಅಡಿಯಲ್ಲಿ ಉಳಿಯುತ್ತಿತ್ತೇ ಹೊರತು ಮನೆಮನೆಗೆ ಬರುತ್ತಿರಲಿಲ್ಲ.

ಬೇಕ್‌ಲ್ಯಾಂಡನು 1863ನೆಯ ಇಸವಿ ನವೆಂಬರ್ 14ರಂದು ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಜನಿಸಿದನು. ಗೆಂಟ್ ನೂಲುವವರ, ನೇಯುವವರ ಊರು; ಅಲ್ಲಿ ಅಗಸೆನಾರಿನ ಮತ್ತು ಹತ್ತಿಯ ಗಿರಣಿಗಳು ದಟ್ಟವಾಗಿದ್ದವು. ತಂದೆ ಪಾದರಕ್ಷೆ ಹೊಲಿಯುವ ಕಸುಬಿನವನು. ತಾಯಿ ಅನ್ಯರ ಮನೆಯಲ್ಲಿ ಊಳಿಗ ಮಾಡಿದವಳು. ಮಗನೂ ಅದೇ ಕಸುಬನ್ನು ಕಲಿಯಲೆಂದು ತಂದೆಯ ಇಚ್ಛೆ. ಅವನನ್ನು ಓದಿಸಬೇಕೆಂದು ತಾಯಿಯ ಹಟ. ಸಮಗಾರ ಹರಳಯ್ಯನವರನ್ನು ಶರಣರ ಸಾಲಿನಲ್ಲಿ ನೆನೆಯುವ ನಮ್ಮ ನಾಡಿನವರಿಗೆ ತಂದೆಯ ಇಚ್ಛೆಯಲ್ಲಿ ಹೀನವಾದುದೇನೂ ತೋರದು. ಆದರೆ ಆ ಕಾಲದ ಗೆಂಟ್‌ನಲ್ಲಿ ಬಡವನ ಮಗನಿಗೆ ವಿದ್ಯೆಯೊಂದೇ ಮೇಲಕ್ಕೆ ಹತ್ತುವ ಏಣಿಯಾಗಿತ್ತು. ತಾಯಿಯ ಹಟವೇ ಗೆದ್ದಿತು.

ಹುಡುಗನಿಗೆ ಛಾಯಾಚಿತ್ರದ ಗೀಳು ಹತ್ತಿತು. ಚಿತ್ರ ಮೂಡಿಸಲು ಬೆಳ್ಳಿಯ ಲವಣ ಬೇಕು. ಕೊಳ್ಳಲು ಕೈಯಲ್ಲಿ ಕಾಸಿಲ್ಲ. ತಂದೆ ಕೊಟ್ಟ ಗಡಿಯಾರದ ಬೆಳ್ಳಿಯ ಸರಪಣಿಯನ್ನೇ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅದರಲ್ಲಿದ್ದ ತಾಮ್ರವನ್ನು ಬೇರ್ಪಡಿಸಿ, ಬೇಕಾದ ಲವಣವನ್ನು ತಾನೇ ಸಿದ್ಧಪಡಿಸಿಕೊಂಡನೆಂಬ ಕಥೆ ಆತನ ಬಾಲ್ಯದ ಬಗೆಗೆ ಪ್ರಸಿದ್ಧವಾಗಿದೆ. ಹಗಲು ಶಾಲೆ, ರಾತ್ರಿ ತಾಂತ್ರಿಕ ಪಾಠ. ಬಳಿಕ ನಗರದ ವಿದ್ಯಾರ್ಥಿವೇತನದ ಬಲದಿಂದ ವಿಶ್ವವಿದ್ಯಾಲಯ. 1884ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅತ್ಯುಚ್ಚ ಪ್ರಶಸ್ತಿಯೊಂದಿಗೆ ಡಾಕ್ಟರ್ ಪದವಿ ದೊರೆಯಿತು. ಕೆಲಕಾಲ ಬ್ರೂಜ್ ನಗರದಲ್ಲಿ ಅಧ್ಯಾಪಕನಾಗಿದ್ದು ಗೆಂಟ್‌ಗೆ ಮರಳಿದನು. ತನ್ನ ಗುರುವಾದ ಸ್ವಾರ್ಟ್ಸ್ ಎಂಬ ಪ್ರಾಧ್ಯಾಪಕನ ಮಗಳು ಸೆಲೀನಳನ್ನು 1889ರಲ್ಲಿ ವರಿಸಿದನು. ಅದೇ ವರ್ಷ ಪ್ರವಾಸವೇತನವೊಂದರ ಮೇಲೆ ದಂಪತಿಗಳು ಅಮೆರಿಕಕ್ಕೆ ತೆರಳಿದರು. ಅಲ್ಲಿನ ಜನ ವಿದ್ಯೆಯನ್ನು ಉದ್ಯಮದಲ್ಲಿ ತೊಡಗಿಸುವ ರೀತಿ ತರುಣನನ್ನು ಸೆಳೆಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿದ್ಯಾಪೀಠದ ಚಾಂಡ್ಲರ್ ಎಂಬ ಹಿರಿಯ ರಸಾಯನಜ್ಞನು ಅಲ್ಲಿಯೇ ನಿಲ್ಲುವಂತೆ ಪ್ರೋತ್ಸಾಹಿಸಿದನು. ಬೇಕ್‌ಲ್ಯಾಂಡನು ತಾಯ್ನಾಡಿನ ಪ್ರಾಧ್ಯಾಪಕ ಪದವಿಯನ್ನು ತೊರೆದನು.

ಮೊದಲ ವರ್ಷಗಳು ಸುಖಕರವಾಗಿರಲಿಲ್ಲ. ಛಾಯಾಚಿತ್ರ ಸಾಮಗ್ರಿಯ ಕಂಪನಿಯೊಂದರಲ್ಲಿ ಉದ್ಯೋಗ ಮಾಡಿ ಬಿಟ್ಟು, ಒಮ್ಮೆಲೇ ಹಲವು ಪ್ರಯೋಗಗಳಿಗೆ ಕೈಹಾಕಿ, ಹಣವನ್ನೂ ಆರೋಗ್ಯವನ್ನೂ ಕಳೆದುಕೊಂಡನು. ರೋಗಶಯ್ಯೆಯಲ್ಲಿ ಮಲಗಿದ್ದಾಗ ಒಂದೇ ಕಾರ್ಯದಲ್ಲಿ ಮನಸ್ಸನ್ನು ನಿಲ್ಲಿಸಬೇಕೆಂದು ನಿಶ್ಚಯಿಸಿದನಂತೆ. ಅದರ ಫಲವೇ ವೆಲಾಕ್ಸ್ ಎಂಬ ಛಾಯಾಚಿತ್ರದ ಕಾಗದ. ಅಲ್ಲಿಯವರೆಗೆ ಚಿತ್ರ ಮುದ್ರಿಸಲು ಸೂರ್ಯನ ಬೆಳಕನ್ನು ಕಾಯಬೇಕಿತ್ತು. ಈ ಕಾಗದದಲ್ಲಿ ದೀಪದ ಬೆಳಕೇ ಸಾಕು. 1899ರಲ್ಲಿ ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಆ ಉದ್ಯಮವನ್ನು ಕೊಂಡನು. ಬೆಲೆ ಸುಮಾರು 7,50,000 ಡಾಲರೆಂದು ಹೇಳುವುದುಂಟು. ಮೂವತ್ತಾರರೊಳಗೆ ಬೇಕ್‌ಲ್ಯಾಂಡನು ಧನಿಕನಾದನು. ನ್ಯೂಯಾರ್ಕಿಗೆ ಸಮೀಪದ ಯಾಂಕರ್ಸ್ ಎಂಬಲ್ಲಿ ಹಡ್ಸನ್ ನದಿಯ ಕಡೆಗೆ ಮುಖಮಾಡಿದ ಮನೆಯನ್ನು ಕೊಂಡು, ಅದರ ಕೊಟ್ಟಿಗೆಯನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಅಷ್ಟು ಸಂಪತ್ತು ಬಂದ ಮೇಲೂ 1900ರಲ್ಲಿ ಬರ್ಲಿನ್ನಿಗೆ ಹೋಗಿ ಮತ್ತೆ ವಿದ್ಯಾರ್ಥಿಯಂತೆ ವಿದ್ಯುತ್-ರಸಾಯನವನ್ನು ಅಭ್ಯಸಿಸಿದನೆಂಬುದು ನಮ್ಮ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ಇಲ್ಲಿ ಕಥೆಯೊಳಗೆ ಭಾರತದ ಅರಗು ಪ್ರವೇಶಿಸುತ್ತದೆ. ಪಾಂಡವರಿಗಾಗಿ ದುರ್ಯೋಧನನು ಕಟ್ಟಿಸಿದ ಅರಗಿನ ಮನೆಯನ್ನು ಬಲ್ಲವರಿಗೆ ಅರಗು ಎಂಥ ವಸ್ತುವೆಂದು ವಿವರಿಸಬೇಕಾಗಿಲ್ಲ. ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳಪೂ ಅದರದೇ. ಮರದ ಕೊಂಬೆಗಳ ಮೇಲೆ ಕೀಟಗಳು ಸ್ರವಿಸುವ ಈ ರಾಳವನ್ನು ಸಂಸ್ಕರಿಸಿ ಛೋಟಾನಾಗಪುರ ಮುಂತಾದ ಪ್ರದೇಶಗಳಿಂದ ಜಗತ್ತಿಗೆಲ್ಲ ಕಳುಹಿಸಲಾಗುತ್ತಿತ್ತು. ವಿದ್ಯುತ್ ಉದ್ಯಮವು ಬೆಳೆದಂತೆ ವಿದ್ಯುತ್ತನ್ನು ತಡೆದು ನಿಲ್ಲಿಸುವ ಲೇಪಕ್ಕಾಗಿ ಅರಗಿನ ಬೇಡಿಕೆ ಏರಿತು, ಬೆಲೆಯೂ ಏರಿತು. ಕೀಟಗಳು ಮನುಷ್ಯನ ಕಾರ್ಖಾನೆಯ ವೇಗಕ್ಕೆ ಸರಿಯಾಗಿ ಕೆಲಸಮಾಡುವುವೇ? ಪ್ರಯೋಗಶಾಲೆಯಲ್ಲಿ ಕೃತಕ ಅರಗನ್ನು ಮಾಡಲು ಸಾಧ್ಯವೇ ಎಂದು ಬೇಕ್‌ಲ್ಯಾಂಡನು ಹುಡುಕತೊಡಗಿದನು.

ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ಫೀನಾಲನ್ನೂ ಫಾರ್ಮಾಲ್ಡಿಹೈಡನ್ನೂ ಕೂಡಿಸಿದರೆ ರಾಳದಂಥ ವಸ್ತು ಉಂಟಾಗುವುದೆಂದು ಜರ್ಮನಿಯ ಅಡಾಲ್ಫ್ ಬಾಯರ್ 1872ರಷ್ಟು ಹಿಂದೆಯೇ ಕಂಡಿದ್ದನು. ಬಾಯರನಿಗೆ ಬೇಕಾದುದು ಹರಳಾಗಿ ನಿಲ್ಲುವ ಶುದ್ಧ ಪದಾರ್ಥ. ಪಾತ್ರೆಯ ತಳಕ್ಕೆ ಅಂಟಿ ಕೂತ ರಾಳವು ಅವನ ಪಾಲಿಗೆ ತೊಡಕು. ಆ ಬಳಿಕ ಯತ್ನಿಸಿದ ಇತರರಿಗೂ ಒಂದು ಅಡ್ಡಿ ಎದುರಾಗುತ್ತಿತ್ತು. ಈ ಎರಡು ದ್ರವ್ಯಗಳು ಕೂಡುವಾಗ ನೀರು ಬಿಡುಗಡೆಯಾಗುತ್ತದೆ. ಕಾವು ಹೆಚ್ಚಿದರೆ ಆ ನೀರು ಆವಿಯಾಗಿ ಗುಳ್ಳೆಯೆದ್ದು, ರಾಳವು ಸ್ಪಂಜಿನಂತೆ ಉಬ್ಬಿ ನಿಷ್ಪ್ರಯೋಜಕವಾಗುತ್ತದೆ. ಆದುದರಿಂದ ಎಲ್ಲರೂ ಕಾವನ್ನು ತಗ್ಗಿಸಲು ನೋಡಿದರು. ಬೇಕ್‌ಲ್ಯಾಂಡನು ಕಾವನ್ನು ಏರಿಸಿದನು, ಅದರೊಂದಿಗೆ ಒತ್ತಡವನ್ನೂ ಏರಿಸಿದನು. ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಒತ್ತಡದ ಕೆಳಗೆ ಗುಳ್ಳೆ ಏಳಲು ಎಡೆಯೇ ಇಲ್ಲ. ನೀರು ಕುದಿಯುವ ಕಾವಿಗಿಂತ ಬಹಳ ಮೇಲೆ, 140ರಿಂದ 180 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗ ಗುಳ್ಳೆಯಿಲ್ಲದ ಘನ ವಸ್ತು ದೊರೆಯಿತು. ಆ ಪಾತ್ರೆಗೆ ಬೇಕಲೈಸರ್ ಎಂಬ ಹೆಸರು ಬಂತು. ಈ ಶೋಧನೆಯಲ್ಲಿ ಆತನ ಸಹಾಯಕನಾದ ನಥಾನಿಯೆಲ್ ಥರ್ಲೋ ಎಂಬವನ ದುಡಿಮೆಯೂ ಸೇರಿದೆಯೆಂಬುದನ್ನು ಮರೆಯಲಾಗದು. ಯಜಮಾನನ ಹೆಸರು ಮಾತ್ರ ವಸ್ತುವಿಗೆ ನಿಂತಿತು.

1907ರ ಜೂನ್ ತಿಂಗಳಲ್ಲಿ ನಡೆದ ಪ್ರಯೋಗಗಳಲ್ಲಿ ಬೇಕ್‌ಲ್ಯಾಂಡನು ಹುಡುಕುತ್ತಿದ್ದುದು ಮರವನ್ನು ಗಟ್ಟಿಗೊಳಿಸುವ ಉಪಾಯವನ್ನು. ಮೆದುಮರದ ತುಂಡುಗಳಿಗೆ ದ್ರವರಾಳವನ್ನು ಕುಡಿಸಿ ಕಾಯಿಸಿದರೆ ಮರದ ರಂಧ್ರಗಳೊಳಗೆ ರಾಳವು ಹೆಪ್ಪುಗಟ್ಟಿ ಬಲ ನೀಡುವುದೆಂದು ಆತನ ಎಣಿಕೆ. ಮರದಿಂದ ಹೊರಕ್ಕೆ ಒಸರಿ ಗಟ್ಟಿಯಾದ ರಾಳವೇ ಕೊನೆಗೆ ಆತನ ಕಣ್ಣನ್ನು ಹಿಡಿಯಿತು. ಅದು ಯಾವ ದ್ರಾವಕದಲ್ಲಿಯೂ ಕರಗದು, ಮತ್ತೆ ಕಾಯಿಸಿದರೆ ಮೆತ್ತಗಾಗದು. ತನ್ನ ಪುಸ್ತಕದಲ್ಲಿ ಅದಕ್ಕೆ ಬೇಕಲೈಟ್ ಎಂದು ಹೆಸರು ಬರೆದುಕೊಂಡನು. ಜುಲೈ 13ರಂದು ಪೇಟೆಂಟಿಗೆ ಅರ್ಜಿ ಹಾಕಿದನು. 1909ರ ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಇಂಗ್ಲೆಂಡಿನ ಜೇಮ್ಸ್ ಸ್ವಿನ್‌ಬರ್ನ್ ಎಂಬವನೂ ಅದೇ ದಾರಿಯಲ್ಲಿ ನಡೆದಿದ್ದು, ಕೇವಲ ಒಂದು ದಿನ ತಡವಾಗಿ ಪೇಟೆಂಟ್ ಕಚೇರಿಗೆ ಹೋದನಂತೆ. ಭಾಗ್ಯದ ಆಟ ಹೀಗಿರುತ್ತದೆ.

ಹೀಗೆ ಮರವೂ ರಾಳವೂ ಮೊದಲ ದಿನದಿಂದಲೇ ಜೊತೆಯಾಗಿದ್ದವು. ಆರಂಭದಲ್ಲಿ ಮರಕ್ಕೆ ರಾಳವು ಬಲ ಕೊಡಬೇಕಿತ್ತು. ಕೊನೆಗೆ ರಾಳಕ್ಕೆ ಮರವೇ ಬಲ ಕೊಟ್ಟಿತು. ಶುದ್ಧ ಬೇಕಲೈಟ್ ಜೇನಿನ ಬಣ್ಣದ ಸುಂದರ ವಸ್ತು. ಅದರಿಂದ ಆಭರಣ, ಮಣಿ, ಕೊಳವೆಗಳನ್ನು ಕಡೆಯಬಹುದು. ಆದರೆ ಅದು ಆಘಾತವನ್ನು ತಾಳದು. ಅದರಲ್ಲಿ ಅಣುಗಳು ಎಲ್ಲ ದಿಕ್ಕುಗಳಿಂದಲೂ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಹಾಗಾಗಿ ಒತ್ತು ಬಿದ್ದಾಗ ಜರುಗಿಕೊಂಡು ನೋವನ್ನು ಹಂಚಿಕೊಳ್ಳುವ ಅವಕಾಶ ಅವಕ್ಕಿಲ್ಲ. ಎಲ್ಲಿಯೋ ಒಂದು ಕೂದಲೆಳೆಯ ಬಿರುಕು ಹುಟ್ಟಿತೆಂದರೆ, ಸಾಗಲು ತಡೆಯೇ ಇಲ್ಲದೆ, ಈ ತುದಿಯಿಂದ ಆ ತುದಿಗೆ ಓಡಿಬಿಡುತ್ತದೆ. ಇದಲ್ಲದೆ ಗಟ್ಟಿಯಾಗುವಾಗ ರಾಳವು ಕುಗ್ಗುತ್ತದೆ. ಕುಗ್ಗುವಾಗ ತನ್ನನ್ನು ತಾನೇ ಎಳೆದುಕೊಂಡು ಒಳಗಿಂದೊಳಗೇ ಸೀಳುವುದುಂಟು.

ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲನ್ನು ಕತ್ತರಿಸಿ ತುಳಿಯುತ್ತಾರೆ. ಬರಿಯ ಮಣ್ಣು ಒಣಗಿದರೆ ಬಾಯಿಬಿಡುತ್ತದೆ. ಹುಲ್ಲು ಬೆರೆತ ಮಣ್ಣು ಬಿಡದು. ಅವರಿಗೆ ಇದು ಅಜ್ಜನ ಕಾಲದಿಂದ ಬಂದ ತಿಳಿವಳಿಕೆ. ಬೇಕ್‌ಲ್ಯಾಂಡನ ರಾಳದಲ್ಲಿ ನಡೆಯುವುದೂ ಇದೇ, ಸೂಕ್ಷ್ಮ ಪ್ರಮಾಣದಲ್ಲಿ. ರಾಳದೊಳಗೆ ಓಡಿಬಂದ ಬಿರುಕು ಒಂದು ನಾರಿಗೆ ಅಡ್ಡಬಂದಾಗ ಅದಕ್ಕೆ ಮೂರೇ ದಾರಿ: ನಾರನ್ನು ಹರಿಯಬೇಕು, ಇಲ್ಲವೇ ಅದನ್ನು ಬಳಸಿಕೊಂಡು ಸುತ್ತಿ ಹೋಗಬೇಕು, ಇಲ್ಲವೇ ನಾರನ್ನು ಅದರ ನೆಲೆಯಿಂದ ಕಿತ್ತೆಳೆಯಬೇಕು. ಮೂರರಲ್ಲಿಯೂ ಶಕ್ತಿ ವ್ಯಯವಾಗುತ್ತದೆ. ಸಾವಿರಾರು ನಾರುಗಳು ಹೀಗೆ ಅಡ್ಡಗಟ್ಟಿದರೆ ಬಿರುಕು ಬಳಲಿ ನಿಲ್ಲುತ್ತದೆ.

ನಾರಿನ ಇನ್ನೊಂದು ಉಪಕಾರ ಭಾರ ಹೊರುವುದು. ವಸ್ತುವನ್ನು ಹಿಡಿದೆಳೆದಾಗ ರಾಳವು ತನ್ನ ಮೇಲೆ ಬಿದ್ದ ಎಳೆತವನ್ನು ಅಂಟಿಕೊಂಡಿರುವ ನಾರಿಗೆ ದಾಟಿಸುತ್ತದೆ. ಬಿಗುಪಾದ ನಾರು ಅದರ ಹೆಚ್ಚಿನ ಪಾಲನ್ನು ಹೊರುತ್ತದೆ. ಆದರೆ ಈ ದಾಟಿಸುವ ಕೆಲಸ ನಡೆಯುವುದು ನಾರಿನ ಮೈಯುದ್ದಕ್ಕೂ. ನಾರು ತೀರ ಗಿಡ್ಡವಾದರೆ ಪೂರ್ಣ ಭಾರವನ್ನು ಹೊರುವ ಮೊದಲೇ ಕಿತ್ತುಬರುತ್ತದೆ. ಸಾಕಷ್ಟು ಉದ್ದವಿದ್ದರೆ ಹರಿಯುವವರೆಗೂ ಹೊರುತ್ತದೆ. ಎರಡರ ನಡುವಣ ಅಂಟು ಸಡಿಲವಾದರೆ ನಾರು ಇದ್ದೂ ಇಲ್ಲದಂತೆ. ಫೀನಾಲಿನ ರಾಳಕ್ಕೂ ಮರಕ್ಕೂ ಈ ವಿಷಯದಲ್ಲಿ ಸಹಜವಾದ ಒಲವುಂಟು: ದ್ರವಾವಸ್ಥೆಯ ರಾಳವು ಮರದ ಕೋಶಗಳ ಗೋಡೆಯೊಳಕ್ಕೆ ನುಸುಳಿ ಅಲ್ಲಿಯೇ ಗಟ್ಟಿಯಾಗುತ್ತದೆ.

ನುಣ್ಣನೆಯ ಕಣಗಳ ರೀತಿ ಬೇರೆ. ಅವು ನಾರಿನಂತೆ ಎಳೆತವನ್ನು ಹೊರಲಾರವು. ರಾಳದ ಜಾಗವನ್ನು ತಾವು ತುಂಬಿಕೊಂಡು ಕುಗ್ಗುವಿಕೆಯನ್ನು ತಗ್ಗಿಸುತ್ತವೆ, ವಸ್ತುವಿನ ಬಿಗುಪನ್ನು ಹೆಚ್ಚಿಸುತ್ತವೆ, ಬಿರುಕಿನ ನೇರದಾರಿಯನ್ನು ಕೆಡಿಸುತ್ತವೆ. ಮರದ ಹುಡಿ ಇವೆರಡರ ನಡುವಣದು. ನೋಡಲು ಹಿಟ್ಟು, ಆದರೆ ಅದರ ಪ್ರತಿಯೊಂದು ಕಣವೂ ನಾರುಗಳ ಒಂದು ತುಣುಕು. ಅಗ್ಗ, ಹಗುರ, ಬಲದಾಯಕ. ಸಾಮಾನ್ಯವಾದ ಬೇಕಲೈಟ್ ಸಾಮಾನುಗಳ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಇಂಥ ಹುಡಿಯೇ ಇರುತ್ತಿತ್ತು. ಅದರ ದೋಷವೆಂದರೆ ತೇವವನ್ನು ಹೀರುವುದು. ಆದುದರಿಂದ ವಿದ್ಯುತ್ತನ್ನು ಕಟ್ಟುನಿಟ್ಟಾಗಿ ತಡೆಯಬೇಕಾದ ಕಡೆ ಅಭ್ರಕದ ಹುಡಿಯನ್ನೂ, ಹೆಚ್ಚು ಕಾವು ತಾಳಬೇಕಾದ ಕಡೆ ಕಲ್ನಾರನ್ನೂ, ಪೆಟ್ಟು ತಾಳಬೇಕಾದ ಕಡೆ ಹತ್ತಿಯ ಬಟ್ಟೆಯ ಚೂರುಗಳನ್ನೂ ಬೆರೆಸಿದರು.

ಬೇಕ್‌ಲ್ಯಾಂಡನ ಜಾಣ್ಮೆ ಇರುವುದು ಇದಕ್ಕೆ ಹೊಂದುವಂತೆ ರಾಳವನ್ನು ಮೂರು ಅವಸ್ಥೆಗಳಲ್ಲಿ ನಿಲ್ಲಿಸಿಕೊಂಡುದರಲ್ಲಿ. ಮೊದಲನೆಯದರಲ್ಲಿ ಅದು ಕರಗುತ್ತದೆ, ಹರಿಯುತ್ತದೆ. ಹುಡಿಯನ್ನೂ ನಾರನ್ನೂ ಆಗ ತೋಯಿಸಬೇಕು. ಎರಡನೆಯದರಲ್ಲಿ ಕಾವಿಗೆ ಮೆತ್ತಗಾಗುತ್ತದೆ, ಕರಗದು. ಮೂರನೆಯದರಲ್ಲಿ ಎರಡೂ ಇಲ್ಲ. ಬಿಸಿಯಾದ ಉಕ್ಕಿನ ಅಚ್ಚಿನಲ್ಲಿ ಮಿಶ್ರಣವನ್ನು ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಅದು ಮೂರನೆಯ ಅವಸ್ಥೆಗೆ ದಾಟಿ ಅಚ್ಚಿನ ಆಕಾರವನ್ನು ಶಾಶ್ವತವಾಗಿ ಧರಿಸುತ್ತದೆ.

1909ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ರಸಾಯನಜ್ಞರ ಸಭೆಯಲ್ಲಿ ಆತನು ತನ್ನ ವಸ್ತುವನ್ನು ಪ್ರಕಟಿಸಿದನು. 1910ರಲ್ಲಿ ಕಂಪನಿಯನ್ನು ಸ್ಥಾಪಿಸಿದನು. ವಿದ್ವಾಂಸರು ಮೆಚ್ಚಿದರೂ ಅಚ್ಚು ಹೊಯ್ಯುವ ಕೆಲಸಗಾರರು ಸುಲಭವಾಗಿ ಒಪ್ಪಲಿಲ್ಲ. ಅವರು ರಬ್ಬರಿನಲ್ಲಿ ಪಳಗಿದ್ದವರು. ಅಲ್ಲದೆ, ಹುಡಿ ಬೆರೆಸುವುದೆಂದರೆ ಲೋಕದ ಭಾಷೆಯಲ್ಲಿ ಕಲಬೆರಕೆ. ಹಾಲಿಗೆ ನೀರು, ಅಕ್ಕಿಗೆ ಕಲ್ಲು ಬೆರೆಸುವವರನ್ನು ಕಂಡ ಜನರಿಗೆ ಈ ಶಂಕೆ ಹುಟ್ಟುವುದು ಸಹಜವೇ. ಆದರೆ ನೀರು ಹಾಲಿನ ಗುಣವನ್ನು ತಗ್ಗಿಸುತ್ತದೆ. ಮರದ ಹುಡಿ ರಾಳದ ಗುಣವನ್ನು ಹೆಚ್ಚಿಸುತ್ತದೆ. ಹದ ಮೀರಿ ತುಂಬಿದರೆ ಮಾತ್ರ, ಪ್ರತಿಯೊಂದು ಕಣವನ್ನೂ ತೋಯಿಸುವಷ್ಟು ರಾಳ ಸಾಲದೆ, ವಸ್ತುವು ಪುಡಿಪುಡಿಯಾಗುತ್ತದೆ. ಆಗ ಅದು ನಿಜವಾಗಿಯೂ ಕಲಬೆರಕೆಯೇ. ಬೇಕ್‌ಲ್ಯಾಂಡನು ಇದನ್ನು ಗುಟ್ಟಾಗಿಡದೆ ಪೇಟೆಂಟ್ ಪತ್ರಗಳಲ್ಲಿಯೇ ಹುಡಿ ಮತ್ತು ನಾರುಗಳ ಬಳಕೆಯನ್ನು ಬರೆದಿಟ್ಟನು. ಹಡಗಿನಂತೆ ಬಂದ ಮೋಟಾರು, ರೇಡಿಯೊ, ದೂರವಾಣಿಗಳ ಕಾಲ ಅವನ ವಸ್ತುವನ್ನು ಕೈಹಿಡಿಯಿತು.

ಹುಡಿಯಿಂದ ಬಟ್ಟೆಗೆ ಸಾಗಿದ ಹೆಜ್ಜೆಯನ್ನು ಇಟ್ಟವರು ಇತರರು. ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಓ'ಕಾನರ್ ಎಂಬ ತರುಣನು ಕ್ಯಾನ್ವಾಸ್ ಬಟ್ಟೆಗೆ ಬೇಕಲೈಟ್ ರಾಳವನ್ನು ಹಚ್ಚಿ ಕದಿರಿನ ಮೇಲೆ ಸುತ್ತಿ, ಆ ಸುರುಳಿಯನ್ನು ಸೀಳಿ ಒತ್ತುಯಂತ್ರದಲ್ಲಿ ಚಪ್ಪಟೆಯಾಗಿಸಿ ಹಲಗೆ ಮಾಡಿದನು. ಫೇಬರ್ ಎಂಬ ಗೆಳೆಯನೊಡನೆ 1913ರಲ್ಲಿ ಆತನು ಸಿನ್‌ಸಿನಾಟಿಯಲ್ಲಿ ಸ್ಥಾಪಿಸಿದ ಉದ್ಯಮದ ಹೆಸರು ಫಾರ್ಮೈಕಾ. ಮೈಕಾ ಎಂದರೆ ಅಭ್ರಕ, ಅದಕ್ಕೆ ಬದಲಿಯಾದ ವಸ್ತುವೆಂದು ಆ ಹೆಸರು. ಇಂಥ ಪದರದ ಹಲಗೆ ಬಟ್ಟೆಯ ಎಳೆಗಳು ಓಡುವ ದಿಕ್ಕಿನಲ್ಲಿ ಬಹಳ ಗಟ್ಟಿ. ಪದರಗಳನ್ನು ಒಂದರಿಂದೊಂದು ಬಿಡಿಸಹೋದರೆ ದುರ್ಬಲ, ಏಕೆಂದರೆ ಅಲ್ಲಿ ತಡೆಯಲು ರಾಳವೊಂದೇ ಇದೆ. ಬಟ್ಟೆ ಮತ್ತು ರಾಳದಿಂದ ಮಾಡಿದ ಹಲ್ಲುಚಕ್ರಗಳನ್ನು ಮೋಟಾರುಗಳಲ್ಲಿ ಬಳಸಿದಾಗ ಲೋಹದ ಚಕ್ರಗಳ ಕರ್ಕಶ ಸದ್ದು ಅಡಗಿತು.

ಒಂದು ಕಹಿಯಾದ ಸಂಗತಿಯನ್ನು ಇಲ್ಲಿ ಬಿಡುವಂತಿಲ್ಲ. ಕಾವನ್ನು ತಾಳುವ ಬೇಕಲೈಟಿಗಾಗಿ ಬೆರೆಸುತ್ತಿದ್ದ ಕಲ್ನಾರಿನ ಧೂಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶವನ್ನು ಕೆಡಿಸಿ, ದಶಕಗಳ ಬಳಿಕ ಕ್ಯಾನ್ಸರನ್ನೂ ತರುತ್ತದೆ. ಅದನ್ನು ಬೆರೆಸಿದ, ಅರೆದ, ಕೊರೆದ ಕೆಲಸಗಾರರು ಆ ಬೆಲೆಯನ್ನು ತೆತ್ತರು. ಯಾವ ನಾರು ಬಲ ಕೊಡುವುದೆಂದು ಪರೀಕ್ಷಿಸಿದ ಆ ಯುಗವು, ಅದೇ ನಾರು ಎದೆಯೊಳಗೆ ಏನು ಮಾಡುವುದೆಂದು ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಲಿಲ್ಲ. ಮುಂದೆ ಹಲವು ದೇಶಗಳು ಕಲ್ನಾರನ್ನು ನಿಷೇಧಿಸಿದವು. ಗಾಜಿನ ಎಳೆ ಮುಂತಾದವು ಅದರ ಸ್ಥಾನಕ್ಕೆ ಬಂದವು.

ಬೇಕ್‌ಲ್ಯಾಂಡನು ತನ್ನ ಪೇಟೆಂಟುಗಳಿಗಾಗಿ ನ್ಯಾಯಾಲಯದಲ್ಲಿ ದೀರ್ಘಕಾಲ ಹೋರಾಡಿದನು. ಗೆದ್ದ ಮೇಲೆ ಎದುರಾಳಿಗಳನ್ನು ನಾಶಮಾಡದೆ, 1922ರಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳನ್ನು ತನ್ನ ಕಂಪನಿಯೊಡನೆ ಕೂಡಿಸಿಕೊಂಡನು. 1924ರಲ್ಲಿ ಅಮೆರಿಕದ ರಸಾಯನ ಸಂಘದ ಅಧ್ಯಕ್ಷ ಪದವಿ ಬಂತು. ಅದೇ ವರ್ಷ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಆತನ ಚಿತ್ರ ಮೂಡಿತು. ನೂರಕ್ಕೂ ಮಿಕ್ಕಿದ ಪೇಟೆಂಟುಗಳು ಆತನ ಹೆಸರಿನಲ್ಲಿದ್ದವು.

ವಸ್ತುಗಳನ್ನು ಒಂದಕ್ಕೊಂದು ಬಿಡದಂತೆ ಬೆಸೆಯುವ ವಿದ್ಯೆಯನ್ನು ಬಲ್ಲವನಿಗೆ ಮನೆಯೊಳಗೆ ಅದು ಅಷ್ಟಾಗಿ ಒದಗಲಿಲ್ಲ. ಮಗಳೊಬ್ಬಳು ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಿದ್ದಳು. ಮಗ ಜಾರ್ಜನಿಗೆ ತಂದೆಯ ಉದ್ಯಮವನ್ನು ಮುಂದುವರಿಸುವ ಉತ್ಸಾಹವಿರಲಿಲ್ಲ. 1939ರಲ್ಲಿ ಕಂಪನಿಯು ಯೂನಿಯನ್ ಕಾರ್ಬೈಡ್ ಸಂಸ್ಥೆಯ ಕೈಸೇರಿತು. ಮುದುಕನು ಫ್ಲಾರಿಡಾದ ಮನೆಯಲ್ಲಿ ಬಹುಮಟ್ಟಿಗೆ ಏಕಾಂತವಾಸಿಯಾದನು. ಡಬ್ಬಿಯಲ್ಲಿ ಬರುವ ಆಹಾರವನ್ನು ಡಬ್ಬಿಯಿಂದಲೇ ತಿನ್ನುವುದು, ಸೆಖೆಯಾದರೆ ತೊಟ್ಟ ಬಟ್ಟೆಯಲ್ಲಿಯೇ ಕೊಳಕ್ಕೆ ಇಳಿಯುವುದು ಆತನ ಅಭ್ಯಾಸಗಳಾಗಿದ್ದವೆಂದು ಬಲ್ಲವರು ಬರೆದಿದ್ದಾರೆ. ಐಶ್ವರ್ಯದ ಆಡಂಬರವನ್ನು ಆತನು ಎಂದೂ ಮೆಚ್ಚಿದವನಲ್ಲ. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬಲ್ಲಿ, ಆರೋಗ್ಯಧಾಮವೊಂದರಲ್ಲಿ ದೇಹವನ್ನು ಬಿಟ್ಟನು.

ಆತನು ಬದುಕಿರುವಾಗಲೇ ಇಂಗ್ಲೆಂಡಿನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿ ಅಗಸೆನಾರಿನ ಉದ್ದುದ್ದ ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ಫೀನಾಲ್ ರಾಳದಲ್ಲಿ ತೋಯಿಸಿ ಒತ್ತಿ, ವಿಮಾನದ ಭಾಗಗಳಿಗೆ ಸಲ್ಲುವ ಹಲಗೆಯನ್ನು ಮಾಡಿದ್ದನು. ಯುದ್ಧಕಾಲದಲ್ಲಿ ಅಲ್ಯುಮಿನಿಯಮ್ಮಿಗೆ ಅಭಾವ ಬಂದೀತೆಂದು ಸ್ಪಿಟ್‌ಫೈರ್ ವಿಮಾನದ ಒಡಲೊಂದನ್ನು ಅದರಿಂದ ಪ್ರಯೋಗಾರ್ಥವಾಗಿ ಕಟ್ಟಿ ನೋಡಿದರು. ನಮ್ಮ ಉತ್ತರ ಕರ್ನಾಟಕದ ಅಡುಗೆಮನೆಗಳಲ್ಲಿ ಚಟ್ನಿಪುಡಿಯಾಗುವ ಅಗಸಿಯೂ, ಗೆಂಟ್ ನಗರದ ಗಿರಣಿಗಳಲ್ಲಿ ನೂಲಾಗುತ್ತಿದ್ದ ಅಗಸೆಯೂ ಒಂದೇ ಜಾತಿಯ ಗಿಡ. 1999ರಲ್ಲಿ ಹಾರಿಬಿಟ್ಟ ಸ್ಟಾರ್‌ಡಸ್ಟ್ ಎಂಬ ಅಮೆರಿಕದ ನೌಕೆಯು ಧೂಮಕೇತುವಿನ ಧೂಳನ್ನು ಹೊತ್ತು 2006ರ ಜನವರಿಯಲ್ಲಿ ಹಿಂದಿರುಗಿದಾಗ, ಸೆಕೆಂಡಿಗೆ ಸುಮಾರು 12.9 ಕಿಲೋಮೀಟರ್ ವೇಗದಲ್ಲಿ ವಾಯುಮಂಡಲವನ್ನು ಹೊಕ್ಕ ಅದರ ಪೆಟ್ಟಿಗೆಯನ್ನು ಬೆಂಕಿಯಿಂದ ಕಾಪಾಡಿದ ಕವಚವು ಇಂಗಾಲದ ನಾರಿಗೆ ಫೀನಾಲ್ ರಾಳವನ್ನು ಕುಡಿಸಿ ಮಾಡಿದುದಾಗಿತ್ತು.

ಬೇಕ್‌ಲ್ಯಾಂಡನು ತನ್ನ ರಾಳವನ್ನು ಬೇಯಿಸಿದ ಮೊದಲ ದಿನಗಳ ಕಬ್ಬಿಣದ ಪಾತ್ರೆಯು ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1993ರಲ್ಲಿ ಅಮೆರಿಕದ ರಸಾಯನ ಸಂಘವು ಅದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಆತನು ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಬರೆದ 62 ದಿನಚರಿ ಪುಸ್ತಕಗಳನ್ನೂ ಅಲ್ಲಿಯೇ ಕಾದಿರಿಸಿದ್ದಾರೆ.